ಪರದೆ ಕಟ್ಟುವವರ ಪ್ರಶ್ನೆಗಳು

ಊರೂರುಗಳಲ್ಲಿ ವಿಚಾರಗೋಷ್ಠಿ, ಚಿತ್ರ ಪ್ರದರ್ಶನ ನಡೆಸುವವರು ತಮ್ಮ ತೊಡಕುಗಳನ್ನು ಬರೆದು ಕಳಿಸಲಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಈ ಅಂಕಣಕ್ಕೆ ಹೊಸಬರಾದವರಿಗೆ ಒಂದು ಮಾತು: ನಾನು ಮೂವತ್ತು ವರ್ಷ ಸರಕಾರಿ ಪ್ರಚಾರ ವಾಹನದಲ್ಲಿ ತಿರುಗಿದವನು. ಮೊದಲು ಹದಿನಾರು ಮಿಲಿಮೀಟರ್ ರೀಲು, ಆಮೇಲೆ ವಿಡಿಯೊ. ಕುಷ್ಠರೋಗ, ಸಾಕ್ಷರತೆ, ಅಸ್ಪೃಶ್ಯತೆ, ಬಾಲ್ಯವಿವಾಹ ಎಲ್ಲವನ್ನೂ ಅಗಸಿಯ ಮುಂದೆ ಪರದೆ ಕಟ್ಟಿ ತೋರಿಸಿದ್ದೇನೆ. ನಾನು ವಿದ್ವಾಂಸನಲ್ಲ, ಆಪರೇಟರ್. ಉತ್ತರಗಳನ್ನು ಆ ಲೆಕ್ಕದಲ್ಲಿಯೇ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಬಳಗ ತಿಂಗಳಿಗೊಂದು ಉಪನ್ಯಾಸ ಏರ್ಪಡಿಸುತ್ತದೆ. ನಮ್ಮ ಭಾಗಕ್ಕೆ ಸಂವಿಧಾನದಲ್ಲಿ ವಿಶೇಷ ಸ್ಥಾನ ಕೊಡುವ 371 ಜೆ ವಿಧಿ, ತೊಗರಿ ಬೆಲೆ, ಸಫಾಯಿ ಕರ್ಮಚಾರಿಗಳ ಬದುಕು, ಹೀಗೆ ಗಟ್ಟಿ ವಿಷಯಗಳನ್ನೇ ಆರಿಸುತ್ತೇವೆ. ನೂರೈವತ್ತು ಕುರ್ಚಿ ಹಾಕಿಸಿದರೆ ಮೂವತ್ತು ಜನ ಬರುತ್ತಾರೆ. ನಮ್ಮ ಜನಕ್ಕೆ ಆಸಕ್ತಿಯೇ ಇಲ್ಲವೇ? (ಪ್ರೌಢಶಾಲಾ ಶಿಕ್ಷಕರು, ಕಲಬುರಗಿ)

ಪತ್ರದ ಜೊತೆಗೆ ನೀವು ಇಟ್ಟಿದ್ದ ಆಮಂತ್ರಣ ಪತ್ರಿಕೆಯನ್ನು ಓದಲಿಲ್ಲ, ಎಣಿಸಿದೆ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಲ್ಲ ಸೇರಿ ವೇದಿಕೆಯ ಮೇಲೆ ಹನ್ನೊಂದು ಹೆಸರು. ಬಂದ ಮೂವತ್ತರಲ್ಲಿ ಹನ್ನೊಂದು ಜನ ಮೇಲೆ ಹೋದರು. ಕೆಳಗೆ ಫೋಟೊದವನೊಬ್ಬ, ಮೈಕಿನವನೊಬ್ಬ, ಶಾಲಿನ ತಟ್ಟೆ ಹಿಡಿದವರಿಬ್ಬರು. ಕೇಳುವವರು ಹದಿನೈದು ಮಂದಿ. ಅವರಿಗೂ ಆರರ ಕಾರ್ಯಕ್ರಮ ಏಳಕ್ಕೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಸಸಿಗೆ ನೀರು, ಪ್ರಾಸ್ತಾವಿಕ ನುಡಿ, ಸನ್ಮಾನ ಮುಗಿದು ಉಪನ್ಯಾಸಕರ ಕೈಗೆ ಮೈಕ್ ಬರುವಾಗ ಎಂಟು ಹೊಡೆದಿರುತ್ತದೆ. ಅವರು ಐವತ್ತು ನಿಮಿಷ ಮಾತನಾಡಿದ ಮೇಲೆ ನಿರೂಪಕರು ಎದ್ದು 'ಸಮಯದ ಅಭಾವವಿರುವುದರಿಂದ' ಎನ್ನುತ್ತಾರೆ. ಆಸಕ್ತಿ ಇರುವವನೂ ಎರಡನೇ ತಿಂಗಳಿಗೆ ಬರುವುದನ್ನು ಬಿಡುತ್ತಾನೆ. ನಾನೂ ಬಿಟ್ಟಿದ್ದೇನೆ.

ಒಮ್ಮೆ ಇಂಥದೇ ಸಭೆಯಲ್ಲಿ ತೊಗರಿಯ ಮಾತು ನಡೆದಿತ್ತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ, ಅಂದರೆ ಇದು ಈ ನೆಲದ್ದೇ ಬೆಳೆ ಎಂಬ ಪಟ್ಟ, ಸಿಕ್ಕಿದ್ದನ್ನು ಉಪನ್ಯಾಸಕರು ಬಹಳ ಚೆನ್ನಾಗಿ ವಿವರಿಸಿದರು. ಹಿಂದಿನ ಸಾಲಿನಲ್ಲಿ ಆಳಂದ ಕಡೆಯ ರೈತರೊಬ್ಬರು ಮೂರು ಸಲ ಕೈ ಎತ್ತಿದರು. ಮೂರನೆಯ ಸಲಕ್ಕೆ ವಂದನಾರ್ಪಣೆ ಶುರುವಾಗಿತ್ತು. ಹೊರಗೆ ಚಹಾದಂಗಡಿಯಲ್ಲಿ ಅವರು ಹೇಳಿದ್ದು ಇಷ್ಟು: ರಾಶಿ ಆಗುವುದು ಎಲ್ಲರದ್ದೂ ಒಂದೇ ಹೊತ್ತಿಗೆ, ಸಾಲದವನು ಬಾಗಿಲಿಗೆ ಬರುವುದೂ ಅದೇ ಹೊತ್ತಿಗೆ, ಮನೆಯಲ್ಲಿ ನಾಲ್ಕು ತಿಂಗಳು ಚೀಲ ಇಟ್ಟುಕೊಳ್ಳಬಲ್ಲವನಿಗೆ ಮಾತ್ರ ಬೆಲೆ ಎನ್ನುವುದು ಉಂಟು. "ಆ ಪಟ್ಟವನ್ನು ನನ್ನ ಚೀಲದ ಮೇಲೆ ಯಾರೂ ಬರೆಯುವುದಿಲ್ಲ" ಎಂದರು. ಆ ಸಂಜೆಯ ಉಪನ್ಯಾಸ ಅದೇ. ನಡೆದದ್ದು ಮಾತ್ರ ಚಹಾದಂಗಡಿಯಲ್ಲಿ, ನಾವು ಇಬ್ಬರೇ ಇದ್ದಾಗ.

ಹಾಗಾಗಿ ವೇದಿಕೆ ಬಿಟ್ಟುಬಿಡಿ. ನಲವತ್ತೇ ಕುರ್ಚಿ ತರಿಸಿ ಅರ್ಧ ಸುತ್ತಿಗೆ ಹಾಕಿ. ಮೂವತ್ತು ಜನ ಬಂದರೂ ಮನೆ ತುಂಬಿದಂತೆ ಕಾಣುತ್ತದೆ. ಒಬ್ಬರೇ ಮಾತುಗಾರರು, ಇಪ್ಪತ್ತೈದು ನಿಮಿಷ, ಆಮೇಲೆ ಮುಕ್ಕಾಲು ಗಂಟೆ ಕೇಳುವವರದ್ದು. ಮೊದಲ ಪ್ರಶ್ನೆ ಹಿಂದಿನ ಸಾಲಿಗೆ. ಶಾಲು, ಹಾರ, ತುರಾಯಿಯ ಖರ್ಚನ್ನು ಚಹಾ, ಚೂಡಾಕ್ಕೆ ತಿರುಗಿಸಿ. ಹನ್ನೊಂದು ಜನ ಮುನಿಸಿಕೊಳ್ಳುತ್ತಾರೆ, ಅದು ನಿಜ. ಪ್ರತಿ ಭಾಷಣದಲ್ಲಿಯೂ ನಾವು ಅನುಭವ ಮಂಟಪದ ಹೆಸರೆತ್ತುತ್ತೇವೆ. ಅಲ್ಲಿ ಗೌರವ ಉಪಸ್ಥಿತಿ ಎಂಬ ಸ್ಥಾನ ಇತ್ತೆಂದು ನಾನು ಎಲ್ಲಿಯೂ ಓದಿಲ್ಲ.

ಪ್ರಶ್ನೆ: ನಮ್ಮ ಹಳ್ಳಿಯ ಸಮುದಾಯ ಭವನದ ಅಂಗಳದಲ್ಲಿ ಗುಳೆ ಹೋಗುವವರ ಕುರಿತ ಸಾಕ್ಷ್ಯಚಿತ್ರವೊಂದನ್ನು ಮೊಬೈಲಿನಿಂದ ಪ್ರೊಜೆಕ್ಟರಿಗೆ ಜೋಡಿಸಿ ತೋರಿಸಬೇಕೆಂದಿದ್ದೇವೆ. ಟಿಕೆಟ್ ಇಲ್ಲ. ಆದರೂ ಅನುಮತಿ ಬೇಕೇ? (ಯುವಕರ ಬಳಗ, ಯಾದಗಿರಿ ಜಿಲ್ಲೆ)

ಬೇಕು. ಟಿಕೆಟ್ ಇಲ್ಲ ಎಂಬ ಒಂದು ಮಾತಿನಿಂದ ಎಲ್ಲ ಬಾಗಿಲೂ ತೆರೆಯುತ್ತದೆ ಎಂದು ಹುಡುಗರು ತಿಳಿಯುತ್ತಾರೆ. ಹಾಗಿಲ್ಲ.

ಮೊದಲನೆಯದು ಚಿತ್ರ ಮಾಡಿದವರ ಹಕ್ಕು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ ಎಂದರೆ ನೀವು ಮನೆಯಲ್ಲಿ ಕೂತು ನೋಡಬಹುದು ಎಂದಷ್ಟೇ ಅರ್ಥ. ನಾಲ್ಕು ಜನರ ಮುಂದೆ ತೋರಿಸಲು ಒಪ್ಪಿಗೆ ಬೇಕು. ಸಾಕ್ಷ್ಯಚಿತ್ರದವರು ಇದರಲ್ಲಿ ಧಾರಾಳಿಗಳು. ಯಾವ ಊರು, ಎಷ್ಟು ಜನ, ಚರ್ಚೆ ಇದೆಯೋ ಇಲ್ಲವೋ ಎಂದು ಎರಡು ಸಾಲು ಬರೆದರೆ ಬಹಳಷ್ಟು ಜನ ಖುಷಿಯಿಂದ ಕೊಡುತ್ತಾರೆ, ಕೆಲವರು ತಾವೇ ಬಂದು ಕೂರುತ್ತಾರೆ. ಶಾಲೆ, ಕಾಲೇಜು ತನ್ನ ಸಿಬ್ಬಂದಿ, ವಿದ್ಯಾರ್ಥಿಗಳು ಮತ್ತು ಅವರ ಪಾಲಕರಿಗೆ ಮಾತ್ರ ತೋರಿಸುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರಿಯಾಯಿತಿ ಇದೆ; ಊರಿಗೆಲ್ಲ ಡಂಗುರ ಹೊಡೆದರೆ ಆ ರಿಯಾಯಿತಿ ಇಲ್ಲ. ಬಿಡುಗಡೆಯ ಮರುವರ್ಷದಿಂದ 60 ವರ್ಷ ತುಂಬಿದ ಚಿತ್ರಗಳಿಗೆ ಈ ತೊಡಕಿಲ್ಲ.

ಎರಡನೆಯದು ಪ್ರಮಾಣಪತ್ರ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯಂತೆ ಸಾರ್ವಜನಿಕರಿಗೆ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇರಬೇಕು, ಅದು ಹತ್ತು ನಿಮಿಷದ ಸಾಕ್ಷ್ಯಚಿತ್ರವಾದರೂ ಸರಿ. ಇದು ಸರಿಯೇ ಎಂದು ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರು ಸುಪ್ರೀಂ ಕೋರ್ಟಿನ ತನಕ ಹೋಗಿ ಕೇಳಿದ್ದರು. ಅವರ ಚಿತ್ರವೂ ನಾಲ್ಕು ನಗರಗಳ ಸಿರಿತನ, ಬಡತನವನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕಿರು ಸಾಕ್ಷ್ಯಚಿತ್ರವೇ. ಮುಂಚಿತ ಪರಿಶೀಲನೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1970ರಲ್ಲಿ ತೀರ್ಪಾಯಿತು. ನನಗೆ ಆ ತೀರ್ಪು ಇಷ್ಟವಿಲ್ಲ. ಆದರೆ ಕಾನೂನು ಅದೇ, ಪ್ರಮಾಣಪತ್ರವಿಲ್ಲದೆ ತೋರಿಸಿದವರಿಗೆ ಮೂರು ವರ್ಷದವರೆಗೂ ಜೈಲು ಆಗಬಹುದು. ಚಿತ್ರ ಮಾಡಿದವರನ್ನು ಕೇಳಿದರೆ ಪ್ರಮಾಣಪತ್ರದ ನಕಲು ಕಳಿಸುತ್ತಾರೆ. ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ.

ಉಳಿದದ್ದು ಊರಿನ ಕೆಲಸ. ಚಿತ್ರ ತೋರಿಸುವ ಜಾಗಕ್ಕೂ ಪರವಾನಗಿ ಕೇಳುವ 1964ರ ರಾಜ್ಯ ಕಾಯ್ದೆ ಇದೆ. ಅದು ಜಿಲ್ಲಾ ದಂಡಾಧಿಕಾರಿಗಳ ಕೈಯಲ್ಲಿರುವ ವಿಷಯ. ಆದ್ದರಿಂದ ಒಂದು ಅರ್ಜಿ ಅಲ್ಲಿಗೆ, ಒಂದು ಪೊಲೀಸ್ ಠಾಣೆಗೆ, ಒಂದು ಗ್ರಾಮ ಪಂಚಾಯಿತಿಗೆ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಬಯಲಿನಲ್ಲಿ ರಾತ್ರಿ ಹತ್ತರ ಮೇಲೆ ಅದನ್ನು ಹಚ್ಚುವಂತಿಲ್ಲ. ಅರ್ಜಿಯ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ.

ಪ್ರಶ್ನೆ: ಚಿತ್ರ ಮುಗಿದ ಮೇಲೆ ಚರ್ಚೆ ಎಂದು ಹೇಳಿರುತ್ತೇವೆ. ದೀಪ ಹತ್ತಿದೊಡನೆ ಜನ ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ. ಉಳಿದವರೂ "ಚೆನ್ನಾಗಿತ್ತು" ಎಂದು ಸುಮ್ಮನಾಗುತ್ತಾರೆ. ಏನು ಮಾಡಬೇಕು? (ಗ್ರಂಥಪಾಲಕರು, ಸುರಪುರ)

ನಾನು ಈ ಅಂಕಣ ಒಪ್ಪಿಕೊಂಡದ್ದೇ ಇಂಥ ಪ್ರಶ್ನೆಗಾಗಿ.

ಹದಿನಾರು ಮಿಲಿಮೀಟರಿನ ನಾನೂರು ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ನಮ್ಮ ಗಾಡಿಯಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬಿಚ್ಚಿ, ಇನ್ನೊಂದನ್ನು ಏರಿಸಿ, ಹಲ್ಲುಗಳಿಗೆ ಫಿಲ್ಮ್ ಕೂರಿಸುವಷ್ಟರಲ್ಲಿ ಎರಡು ಮೂರು ನಿಮಿಷ ಬೇಕಾಗುತ್ತಿತ್ತು. ಕತ್ತಲು, ಜೊತೆಗೆ ಕೈಯಲ್ಲಿ ಬ್ಯಾಟರಿ. ನಿಮ್ಮ ತಾಲ್ಲೂಕಿನದೇ ಒಂದು ಊರಿನಲ್ಲಿ ಬಾಲ್ಯವಿವಾಹದ ಚಿತ್ರ ತೋರಿಸುತ್ತಿದ್ದೆ. ಹುಡುಗಿಯ ಮದುವೆಗೆ 18 ತುಂಬಿರಬೇಕು ಎಂದು 1978ರಲ್ಲಿ ಕಾನೂನು ತಿದ್ದಿಯಾಗಿತ್ತು. ಚಿತ್ರದ ಸಾರವೂ ಅಷ್ಟೇ. ಮೊದಲ ರೀಲು ಮುಗಿದಾಗ ನನ್ನ ಬೆನ್ನ ಹಿಂದೆ ಕೂತಿದ್ದ ಮುದುಕಿ ಪಕ್ಕದವಳಿಗೆ ಕೇಳಿದಳು: ಸುಗ್ಗಿ ಮುಗಿದು ನಾವು ಗುಳೆ ಹೋದರೆ, ಬೆಳೆದ ಹುಡುಗಿಯನ್ನು ಇಲ್ಲಿ ಯಾರ ಹತ್ತಿರ ಬಿಟ್ಟು ಹೋಗಬೇಕು? ಕರೆದುಕೊಂಡು ಹೋದರೆ ಅಲ್ಲಿ ಬಾಗಿಲಿಲ್ಲದ ಶೆಡ್ಡಿನಲ್ಲಿ ಎಲ್ಲಿ ಮಲಗಿಸಬೇಕು? ಪಕ್ಕದವಳು ಉತ್ತರ ಕೊಟ್ಟಳು, ಅವಳ ಆಚೆಯವಳು ಅದನ್ನು ಅಲ್ಲಗಳೆದಳು, ಗಂಡಸರ ಸಾಲಿನಿಂದ ಒಬ್ಬ ಬಾಯಿ ಹಾಕಿ ಬೈಸಿಕೊಂಡ. ಮದುವೆಯ ವಯಸ್ಸಿಗೂ ಗುಳೆಗೂ ಇರುವ ಗಂಟನ್ನು ಆ ಚಿತ್ರ ಮುಟ್ಟಿರಲೇ ಇಲ್ಲ. ರೀಲು ಏರಿಸಿ ಆಗಿತ್ತು. ನಾನು ಫಿಲ್ಮ್ ಸಿಕ್ಕಿಕೊಂಡಂತೆ ನಟಿಸುತ್ತ ನಿಂತೆ. ಜೀಪಿನಲ್ಲಿದ್ದ ನನ್ನ ಮೇಲಿನವರು ಎರಡು ಸಲ ಹಾರ್ನ್ ಹೊಡೆದರು. ಅವರಿಗೆ ಇನ್ನೊಂದು ಊರು ಮುಗಿಸಬೇಕಿತ್ತು.

ಅಂದಿನಿಂದ ನಾನು ಕಂಡದ್ದು: ನಮ್ಮ ಜನ ದೀಪದ ಬೆಳಕಿನಲ್ಲಿ, ಮೈಕಿನ ಮುಂದೆ, ಹೆಸರು ಹೇಳಿ ಮಾತನಾಡುವುದಿಲ್ಲ. ಕತ್ತಲಲ್ಲಿ, ಪಕ್ಕದವರ ಜೊತೆ ಮಾತನಾಡುತ್ತಾರೆ. ಈಗ ಡಿಜಿಟಲ್ ಬಂದು ಆ ಮೂರು ನಿಮಿಷ ಹೋಯಿತು. ಒಂದು ಗಂಟೆಯ ಸಾಕ್ಷ್ಯಚಿತ್ರವನ್ನು ನಾನು ನಡುವೆ ಒಮ್ಮೆ ನಿಲ್ಲಿಸುತ್ತೇನೆ, ಒಂದು ದೃಶ್ಯ ಪೂರ್ತಿ ಮುಗಿದ ಜಾಗ ನೋಡಿ. ದೀಪ ಹಾಕುವುದಿಲ್ಲ, ಏನನ್ನೂ ಕೇಳುವುದಿಲ್ಲ, ವೈರು ನೋಡುವವನಂತೆ ಬಾಗುತ್ತೇನೆ. ಸಿನಿಮಾ ಬಲ್ಲವರು ಇದನ್ನು ಕೇಳಿದರೆ ನನ್ನನ್ನು ಹೊಡೆಯಲು ಬರುತ್ತಾರೆ. ಕಥಾಚಿತ್ರಕ್ಕೆ ನಾನೂ ಹೀಗೆ ಮಾಡುವುದಿಲ್ಲ. ಚಿತ್ರ ಮುಗಿದ ಮೇಲೆಯೂ ಟ್ಯೂಬ್‌ಲೈಟ್ ಹಚ್ಚಬೇಡಿ, ಮೂಲೆಯಲ್ಲಿ ಒಂದು ಸಣ್ಣ ಬಲ್ಬ್ ಸಾಕು. "ಚಿತ್ರ ಹೇಗಿತ್ತು" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವೇ ಬರುತ್ತದೆ, ಊಟ ಹೇಗಿತ್ತು ಎಂದು ಬೀಗರನ್ನು ಕೇಳಿದ ಹಾಗೆ. ಚಿತ್ರದಲ್ಲಿ ಯಾವುದು ಸುಳ್ಳೆನಿಸಿತು ಎಂದು ಕೇಳಿ ನೋಡಿ.

ಪ್ರಶ್ನೆ: ಕಾಕಾ ಅವರಿಗೆ ನಮಸ್ಕಾರ. ಹೆಣ್ಣುಮಕ್ಕಳ ವಿಷಯದ ಚಿತ್ರಕ್ಕೂ ಗಂಡಸರೇ ಬಂದು ಕೂರುತ್ತಾರೆ. ಹೆಂಗಸರನ್ನು ಹೇಗೆ ಕರೆತರುವುದು? (ಆಶಾ ಕಾರ್ಯಕರ್ತೆ, ಸೇಡಂ ತಾಲ್ಲೂಕು)

ತಾಯಿ, ಕಾರ್ಯಕ್ರಮ ಸಂಜೆ ಆರೂವರೆಗೆ ಎಂದು ಬರೆದಿದ್ದೀರಿ. ಅದು ರೊಟ್ಟಿ ಬಡಿಯುವ ಹೊತ್ತು. ಮಧ್ಯಾಹ್ನ ಎರಡಕ್ಕೆ ಅಂಗನವಾಡಿಯ ಕಿಟಕಿಗೆ ಕಂಬಳಿ ಕಟ್ಟಿ, ದೊಡ್ಡ ಟಿವಿ ತಂದು ತೋರಿಸಿ, ಪ್ರೊಜೆಕ್ಟರ್ ಬೇಡ. ಸ್ವಸಹಾಯ ಸಂಘದ ಕಂತು ಕಟ್ಟುವ ದಿನವಾದರೆ ಎಲ್ಲರೂ ಬಂದೇ ಇರುತ್ತಾರೆ. ಕೂಸುಗಳು ಅಳುತ್ತವೆ, ಅಳಲಿ.

ಪ್ರಶ್ನೆ: ಮೀಸಲಾತಿಯ ಕುರಿತ ಚಿತ್ರ ತೋರಿಸುವಾಗ ಕೆಲವರು ಬಂದು ಗಲಾಟೆ ಮಾಡಿದರು. ಇನ್ನು ಮೇಲೆ ರಾಜಕೀಯ ಬೇಡ, ಪರಿಸರದ ಚಿತ್ರ ಸಾಕು ಎನ್ನುತ್ತಾರೆ ನಮ್ಮ ಗೆಳೆಯರು. (ನಿವೃತ್ತ ಬ್ಯಾಂಕ್ ನೌಕರರು, ಬೀದರ್)

ಕೆರೆಯ ಒತ್ತುವರಿ ಯಾರದು ಎಂದು ಚಿತ್ರ ಕೇಳಿದರೆ ಪರಿಸರವೂ ರಾಜಕೀಯವೇ ಆಗುತ್ತದೆ, ನಿಮ್ಮ ಗೆಳೆಯರಿಗೆ ಹೇಳಿ. ಮೀಸಲಾತಿಯನ್ನೇ ಕುರಿತ ಒಂದು ತಮಿಳು ಚಿತ್ರದ ಪ್ರಮಾಣಪತ್ರವನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿದಾಗ, 1989ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಿಂದಿರುಗಿಸಿತು. ಗಲಾಟೆಯ ಬೆದರಿಕೆ ಇದೆ ಎಂದು ಮಾತನ್ನು ಹತ್ತಿಕ್ಕುವಂತಿಲ್ಲ, ಅದನ್ನು ಕಾಯುವುದು ಸರಕಾರದ ಕರ್ತವ್ಯ ಎಂದಿತು. ಎಸ್. ರಂಗರಾಜನ್ ಪ್ರಕರಣ ಎಂದು ಯಾವ ವಕೀಲರನ್ನು ಕೇಳಿದರೂ ತೆಗೆದುಕೊಡುತ್ತಾರೆ. ಆದರೆ ಸಂಜೆ ಏಳಕ್ಕೆ ಗೇಟಿನ ಬಳಿ ಇಪ್ಪತ್ತು ಜನ ನಿಂತಾಗ ಯಾವ ಕೋರ್ಟೂ ತೆರೆದಿರುವುದಿಲ್ಲ. ಆದ್ದರಿಂದ ಪೊಲೀಸರಿಗೆ ಮುಂಚೆಯೇ ಬರೆದುಕೊಡಿ, ಗೊಣಗುವವರು ಯಾರೆಂದು ಗೊತ್ತಿದ್ದರೆ ಅವರನ್ನು ಹೆಸರು ಹಿಡಿದು ಆಹ್ವಾನಿಸಿ.

ಹೀಗೆ ಆಹ್ವಾನಿಸಿದ ಒಬ್ಬರಿಗೆ ನಾನು ಪ್ರೊಜೆಕ್ಟರ್ ಪಕ್ಕದಲ್ಲಿಯೇ ಕುರ್ಚಿ ಹಾಕಿದ್ದೆ. ಪೂರ್ತಿ ನೋಡಿದರು. ಮನಸ್ಸೇನೂ ಬದಲಾಗಲಿಲ್ಲ, ಎದ್ದು ಎಂಟು ನಿಮಿಷ ಬೈದರು, ಅದರಲ್ಲಿ ಅರ್ಧ ಚಿತ್ರಕ್ಕೆ ಸಂಬಂಧಪಟ್ಟದ್ದಲ್ಲ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಎದ್ದು ಉತ್ತರ ಕೊಟ್ಟರು, ಒಂಬತ್ತೂವರೆಯಾದರೂ ಯಾರೂ ಏಳಲಿಲ್ಲ. ಇನ್ನೊಂದು ಊರಿನಲ್ಲಿ ಕಲ್ಲು ಬಿದ್ದವು. ಪ್ರೊಜೆಕ್ಟರನ್ನು ಹೆಗಲಿಗೇರಿಸಿ ಹಿಂಬಾಗಿಲಿನಿಂದ ಹೊರಟುಬಿಟ್ಟೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಒಂದು ತಿಂಗಳು ಬಿಟ್ಟು ಅದೇ ಚಿತ್ರವನ್ನು ಅದೇ ಊರಿನ ಒಂದು ಮನೆಯ ಮಾಳಿಗೆಯ ಮೇಲೆ ತೋರಿಸಿದೆವು.

ಪ್ರಶ್ನೆ: ಹೊರಭಾಷೆಯ ಚಿತ್ರದ ಅಡಿಬರಹ ಓದಲು ನಮ್ಮ ಹಿರಿಯರಿಗೆ ಆಗುವುದಿಲ್ಲ. ಅಂಥ ಚಿತ್ರ ಹಳ್ಳಿಗೆ ಬೇಡವೇ? (ವಿದ್ಯಾರ್ಥಿನಿ, ಭಾಲ್ಕಿ)

ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಅವರು ಚಿತ್ರಸಮಾಜ ಕಟ್ಟಿ ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿದ್ದು 1970ರ ದಶಕದಲ್ಲಿ. ಅಡಿಕೆ ಬೆಳೆಯುವವರಿಗೆ ತಿಳಿದದ್ದು ತೊಗರಿ ಬೆಳೆಯುವವರಿಗೆ ತಿಳಿಯುವುದಿಲ್ಲವೇ? ಜಪಾನಿನಲ್ಲಿ ಮೂಕಿಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವವರಿದ್ದರು, ಅವರನ್ನು 'ಬೆನ್ಶಿ' ಎನ್ನುತ್ತಿದ್ದರು. ನಿಮ್ಮ ಕಡೆ ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡುವವರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಮುಂಚೆ ಎರಡು ಸಲ ಚಿತ್ರ ನೋಡಿಸಿ, ಒಬ್ಬರನ್ನು ಮೈಕಿಲ್ಲದೆ ಮುಂದೆ ಕೂರಿಸಿ. ಬಾಯಿಬಡುಕರು ಬೇಡ.

ಪ್ರಶ್ನೆ: ಪರದೆಗೆ ಅಂಗಡಿಯವರು ಏಳೆಂಟು ಸಾವಿರ ಹೇಳುತ್ತಾರೆ. ಬೇರೆ ದಾರಿ ಇದೆಯೇ? (ಕಾಲೇಜು ವಿದ್ಯಾರ್ಥಿ, ಚಿತ್ತಾಪುರ)

ಇದೆ. ಬಿಳಿ ಮಂಜರಪಾಟದ ಬಟ್ಟೆ ತಂದು, ಹೊಲಿಗೆ ನಡುವೆ ಬಾರದಂತೆ ಅಡ್ಡಕ್ಕೆ ಜೋಡಿಸಿ, ನಾಲ್ಕೂ ಅಂಚಿಗೆ ಹಗ್ಗ ಹಾಯುವಂತೆ ಮಡಿಸಿ ಹೊಲಿಸಿ. ಹಿಂದೆ ಕಪ್ಪು ಬಟ್ಟೆ ಇದ್ದರೆ ಬೆಳಕು ಸೋರುವುದಿಲ್ಲ. ಉಳಿದ ದುಡ್ಡನ್ನು ಸ್ಪೀಕರಿಗೆ ಹಾಕಿ, ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಬೇಸಿಗೆಯಲ್ಲಿ ಏಳೂಕಾಲಕ್ಕೆ ಮೊದಲು ಬಯಲಿನಲ್ಲಿ ಶುರು ಮಾಡಬೇಡಿ. ಬಟ್ಟೆ ಹೊಲಿಸುವ ತನಕ ನಮ್ಮ ಮನೆಯಲ್ಲಿ ಒಂದು ಹಳೆಯ ಪರದೆ ಇದೆ, ಸಂಪಾದಕರ ಮೂಲಕ ಕೇಳಿ ಒಯ್ಯಿರಿ. ಎಡ ಮೂಲೆಯಲ್ಲಿ ಎಲೆ ಅಡಿಕೆಯ ಕಲೆ ಇದೆ, ಅದು ಹೋಗುವುದಿಲ್ಲ. ತರುವಾಗ ಮಡಿಸಬೇಡಿ, ಸುತ್ತಿ ತನ್ನಿ.