ಜಮಾ–ಖರ್ಚು ಸರಿದೂಗಿಸಿದರೆ ಪಾತ್ರ ಸಂಕೀರ್ಣವಾಗುವುದೇ?

ಪ್ರಶ್ನೆ: ಮಾನ್ಯರೇ, ನಾನು ಡೊಂಬಿವಲಿಯ ಗೃಹಿಣಿ. ಮುಂಬಯಿಯ ಮಾಟುಂಗದಲ್ಲಿ ಹೋಟೆಲು ನಡೆಸುವ ಧನಿಯೊಬ್ಬರ ಕುರಿತು ನೀಳ್ಗತೆಯೊಂದನ್ನು ಬರೆದಿದ್ದೇನೆ. ಊರು ಬಿಟ್ಟು ಓಡಿಬಂದ ಹುಡುಗರಿಗೆ ಅವರು ಅನ್ನ ಹಾಕುತ್ತಾರೆ, ರಾತ್ರಿಶಾಲೆಗೂ ಕಳುಹಿಸುತ್ತಾರೆ. ಆದರೆ ಲೋಟ ತೊಳೆಯುವ ಒಬ್ಬ ಹುಡುಗನ ನಾಲ್ಕು ವರ್ಷಗಳ ಸಂಬಳವನ್ನು ‘ನನ್ನ ಹತ್ತಿರ ಜೋಪಾನವಾಗಿರುತ್ತದೆ’ ಎಂದು ಇಟ್ಟುಕೊಂಡು, ಎರಡನೆಯ ಹೋಟೆಲಿನ ಪಗಡಿಗೆ (ಬಾಡಿಗೆ ಜಾಗ ಹಿಡಿಯಲು ಕೊಡುವ ಇಡಿಗಂಟಿಗೆ) ಸುರಿದುಬಿಡುತ್ತಾರೆ. ತಾಯಿ ಕಾಯಿಲೆ ಬಿದ್ದಾಗ ಹುಡುಗನಿಗೆ ಸಿಗುವುದು ಊರಿನ ಬಸ್ಸಿನ ಚಾರ್ಜು ಮಾತ್ರ. ಸಂಘದ ತಿಂಗಳ ಕೂಟದಲ್ಲಿ ಇದನ್ನು ಓದಿದಾಗ ಹಿರಿಯರೊಬ್ಬರು ‘ಅಂತೂ ನಮ್ಮ ಹೋಟೆಲಿನವರಿಗೆ ನ್ಯಾಯ ಸಿಕ್ಕಿತು’ ಎಂದರು. ಕಾಲೇಜು ಹುಡುಗಿಯೊಬ್ಬಳು ‘ಹಾಗಾದರೆ ಸಂಬಳ ನುಂಗಿದ್ದು ತಪ್ಪಲ್ಲವೇ ಆಂಟಿ?’ ಎಂದು ಕೇಳಿದಳು. ನಾನು ಹೇಳಹೊರಟದ್ದು ಇವೆರಡೂ ಅಲ್ಲ. ಎಡವಿದ್ದು ಎಲ್ಲಿ?

ಉತ್ತರ: ನೀವು ಕಳುಹಿಸಿದ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಆ ಹುಡುಗಿಯ ಪ್ರಶ್ನೆಯಿಂದ ನಿಮಗೆ ನೋವಾದಂತಿದೆ. ನನಗೆ ಮಾತ್ರ ಅವಳು ನಿಮ್ಮ ಕಥೆಯನ್ನು ಹಿರಿಯರಿಗಿಂತ ಗಮನವಿಟ್ಟು ಕೇಳಿಸಿಕೊಂಡಿದ್ದಾಳೆ ಎನ್ನಿಸಿತು.

ನೀವು ಧನಿಯ ಪಾತ್ರವನ್ನು ಹೋಟೆಲಿನ ದಿನದ ಲೆಕ್ಕದಂತೆ ಬರೆದಿದ್ದೀರಿ. ಜಮಾ ಕಡೆಯಲ್ಲಿ ಅನ್ನ, ರಾತ್ರಿಶಾಲೆಯ ಫೀಸು, ಹಬ್ಬದ ಹೊಸ ಅಂಗಿ. ಖರ್ಚಿನ ಕಡೆಯಲ್ಲಿ ನುಂಗಿದ ಸಂಬಳ. ಎರಡೂ ಹೆಚ್ಚುಕಡಿಮೆ ಸರಿಹೋದರೆ ಪಾತ್ರ ಸಂಕೀರ್ಣವಾಯಿತೆಂದು ನೀವು ನಂಬಿದಂತೆ ಕಾಣುತ್ತದೆ, ಮತ್ತು ನಮ್ಮ ಇತ್ತೀಚಿನ ಧಾರಾವಾಹಿಗಳೂ ಚಲನಚಿತ್ರಗಳೂ ಈ ನಂಬಿಕೆಯನ್ನೇ ಬೆಳೆಸುತ್ತಿರುವುದರಿಂದ ತಪ್ಪು ನಿಮ್ಮೊಬ್ಬರದಲ್ಲ. ಕೊಲೆಗಡುಕನ ಮಡಿಲಲ್ಲಿ ಒಂದು ನಾಯಿಮರಿಯನ್ನು ಕೂರಿಸಿಬಿಟ್ಟರೆ ಕೆಲಸ ಮುಗಿಯಿತು! ಆದರೆ ಹೀಗೆ ಅಕ್ಕಪಕ್ಕದಲ್ಲಿಟ್ಟ ಒಳಿತು ಕೆಡುಕುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಓದುಗರು ತಮಗೆ ಬೇಕಾದುದನ್ನು ಎತ್ತಿಕೊಂಡು ಹೋಗುತ್ತಾರೆ. ಹಿರಿಯರು ಜಮಾ ಓದಿದರು, ಹುಡುಗಿ ಖರ್ಚು ಓದಿದಳು. ನಿಜಕ್ಕೂ ನಿಮ್ಮ ಧನಿಯಲ್ಲಿ ಎರಡಕ್ಕೂ ಬೇರು ಒಂದೇ. ‘ಇವರೆಲ್ಲ ನನ್ನ ಮಕ್ಕಳು’ ಎನ್ನುವ ಭಾವದಿಂದ ಅನ್ನ ಹಾಕಿದವನು, ಅದೇ ಭಾವದಿಂದ ‘ಇವರ ದುಡ್ಡು ಬೇರೆ, ನನ್ನ ದುಡ್ಡು ಬೇರೆಯೇ?’ ಎಂದುಕೊಂಡು ಸಂಬಳಕ್ಕೆ ಕೈಹಾಕಿದ್ದಾನೆ. ಅವನ ಔದಾರ್ಯವನ್ನು ಕಿತ್ತರೆ ಅನ್ಯಾಯವೂ ಜೊತೆಗೇ ಕಿತ್ತು ಬರಬೇಕು. ಇದು ನಿಮ್ಮ ಕಥೆಯೊಳಗೇ ಇದೆ. ನೀವು ಕಂಡುಕೊಂಡಿಲ್ಲ ಅಷ್ಟೆ.

ಸುಮಾರು 900 ವರ್ಷಗಳ ಹಿಂದೆ ಜೈನ ಕವಿ ನಾಗಚಂದ್ರನು ತನ್ನ ರಾಮಾಯಣದಲ್ಲಿ ರಾವಣನನ್ನು ಚಿತ್ರಿಸಿದ ಬಗೆಯನ್ನು ಗಮನಿಸಿ. ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟಿದ್ದ ರಾವಣ ಸೀತೆಯನ್ನು ಹೊತ್ತು ತರುತ್ತಾನೆ. ಮುಂದೆ ಅವಳು ಮೂರ್ಛೆಹೋದದ್ದನ್ನು ಕಂಡು ಅವನ ಮನಸ್ಸು ಪೂರ್ತಿ ತಿರುಗುತ್ತದೆ. ಕಡಮೆ ಕವಿಯಾಗಿದ್ದರೆ ಅಲ್ಲಿಗೆ ಕ್ಷಮೆಯ ಬಾಗಿಲು ತೆರೆಯುತ್ತಿದ್ದನು. ನಾಗಚಂದ್ರನ ರಾವಣನಾದರೋ, ಈಗಲೇ ಒಪ್ಪಿಸಿದರೆ ಹೆದರಿದನೆಂದಾರು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದು ಆಮೇಲೆ ಒಪ್ಪಿಸುತ್ತೇನೆ ಎಂದು ನಿಶ್ಚಯಿಸುತ್ತಾನೆ. ಮಾಡಿದ್ದು ತನಗೆ ತಕ್ಕುದಲ್ಲವೆಂದು ಅವನನ್ನು ನಾಚಿಸಿದ ಮಾನವೇ ಅವನನ್ನು ರಣರಂಗಕ್ಕೂ ಎಳೆದು ಕೊಲ್ಲಿಸುತ್ತದೆ. ಸಮುದ್ರವೂ ಒಮ್ಮೆ ಕಾಲವಶದಿಂದ ಮೇರೆ ಮೀರದೇ ಎಂದು ಮರುಗುವ ಕವಿ, ಮೀರಿದ್ದನ್ನು ಮೀರಿಲ್ಲವೆಂದು ಎಲ್ಲಿಯೂ ಹೇಳುವುದಿಲ್ಲ.

ಇನ್ನು ಹುಡುಗನ ವಿಚಾರ. ನಿಮ್ಮ ಹಸ್ತಪ್ರತಿಯ 11ನೆಯ ಪುಟದಲ್ಲಿ ಅವನು ಬಸ್ಸು ಹತ್ತುತ್ತಾನೆ. ಮತ್ತೆ ಕಾಣಿಸುವುದು 40ನೆಯ ಪುಟದಲ್ಲಿ, ಬೂಟು ತೊಟ್ಟ ನೌಕರದಾರನಾಗಿ, ಧನಿಯ ಕಾಲಿಗೆ ಬೀಳಲು. ನಡುವಿನ ಪುಟಗಳಲ್ಲೆಲ್ಲ ಧನಿಗೆ ನಿದ್ದೆ ಬಾರದು, ಧನಿಗೆ ಎದೆನೋವು, 36ನೆಯ ಪುಟದಲ್ಲಿ ಧನಿಯ ಬಡತನದ ಬಾಲ್ಯ. ತಾಯಿ ಬದುಕಿದಳೋ ಇಲ್ಲವೋ ಎಂಬುದನ್ನು ನೀವು ತಿಳಿಸಿಯೇ ಇಲ್ಲ. ನೋವುಂಡವನನ್ನು ಪುಟದಿಂದ ಹೊರಗೆ ಕಳುಹಿಸಿ, ನೋವು ಕೊಟ್ಟವನ ಸಂಕಟವನ್ನಷ್ಟೇ ಹತ್ತಿರದಿಂದ ತೋರಿಸಿದರೆ, ನೀವು ಬಯಸಲಿ ಬಿಡಲಿ ಕಥೆ ಒಂದು ಪಕ್ಷದ ವಕಾಲತ್ತು ವಹಿಸಿಬಿಡುತ್ತದೆ. ಬಾಲ್ಯದ ಬಡತನವೂ ಹಾಗೆಯೇ: ಅದು ಮೂರನೆಯ ಪುಟದಲ್ಲಿ ಬಂದಿದ್ದರೆ, ಹಸಿವು ತಿಳಿದವನೇ ಹೀಗೆ ಮಾಡಿದನಲ್ಲ ಎಂದು ಓದುಗರು ಬೆಚ್ಚುತ್ತಿದ್ದರು, ತಪ್ಪಿನ ಬೆನ್ನಿಗೆ ಬಂದದ್ದರಿಂದ ಸಬೂಬಾಯಿತು. ಹುಡುಗನನ್ನು ದೇವರು ಮಾಡಬೇಕೆಂದು ನಾನು ಹೇಳುತ್ತಿಲ್ಲ. ಇದೇ ಮುಂಬಯಿಯ ಕಥೆಯಾದ, ಯಶವಂತ ಚಿತ್ತಾಲರ 1979ರ ‘ಶಿಕಾರಿ’ ಕಾದಂಬರಿಯಲ್ಲಿ ಬೇಟೆಗೆ ಗುರಿಯಾದ ನಾಗಪ್ಪನನ್ನೂ ಕೃತಿ ಸುಮ್ಮನೆ ಬಿಡುವುದಿಲ್ಲ. ನಿಮ್ಮ ಹುಡುಗ ಗಲ್ಲಾಪೆಟ್ಟಿಗೆಯಿಂದ ಎಂದಾದರೂ ಚಿಲ್ಲರೆ ಎತ್ತಿರಬಹುದು. ಎತ್ತಿದರೂ ನಾಲ್ಕು ವರ್ಷಗಳ ಸಂಬಳ ಅವನದೇ.

‘ತೀರ್ಪು ಓದುಗರಿಗೆ ಬಿಟ್ಟದ್ದು’ ಎಂಬ ನಿಮ್ಮ ಕಡೆಯ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ತಾನು ಮಾಡಿದ್ದು ಏನೆಂದು ಧನಿಗೆ ತಿಳಿಯದಿರಬಹುದು, ತಿಳಿದೂ ತಿಳಿಯದಂತೆ ಇರಬಹುದು, ಬರೆದವರಿಗೆ ತಿಳಿದಿರಲೇಬೇಕು. 1209ರಲ್ಲಿ ‘ಯಶೋಧರ ಚರಿತೆ’ ಬರೆದ ಜನ್ನನಿಗೆ ಅದು ಚೆನ್ನಾಗಿ ತಿಳಿದಿತ್ತು. ಹೆಂಡತಿಯ ವಂಚನೆಯನ್ನು ಕಣ್ಣಾರೆ ಕಂಡ ಅರಸ ಅದನ್ನು ತಾಯಿಗೆ ಹೇಳಲಾರದೆ ಕನಸೆಂದು ಹೇಳುತ್ತಾನೆ, ಆ ಕೆಟ್ಟ ಕನಸಿಗೆ ತಾಯಿ ಬಲಿ ಬೇಡುತ್ತಾಳೆ, ಜೀವಬಲಿಗೆ ಒಪ್ಪದ ಅವನು ಹಿಟ್ಟಿನ ಹುಂಜಕ್ಕೆ ಒಪ್ಪುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಅವನ ದಾಕ್ಷಿಣ್ಯ ನಮಗೆ ಅರ್ಥವಾಗುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಹುಂಜ ಕೂಗಿಬಿಡುತ್ತದೆ.

ನಿಮ್ಮ ಕಥೆಯಲ್ಲೂ ಅಂಥ ಒಂದು ಕೂಗು ಇದೆ. ಹುಡುಗನ ಕೈಗೆ ಬಸ್ಸಿನ ಚಾರ್ಜು ಕೊಟ್ಟ ಧನಿ, ಅವನು ಮೆಟ್ಟಿಲಿಳಿಯುವ ಮೊದಲೇ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಆ ಮೊತ್ತವನ್ನು ಹುಡುಗನ ಹೆಸರಿನಲ್ಲಿ ಉದ್ರಿ ಪುಸ್ತಕಕ್ಕೆ ಬರೆದುಕೊಳ್ಳುತ್ತಾನೆ. ಕೊಡಬೇಕಾದವನೇ ಕೊಟ್ಟದ್ದನ್ನು ಸಾಲವೆಂದು ಬರೆಯುವ ಆ ಒಂದು ಸಾಲಿನಲ್ಲಿ ಇಡೀ ಮನುಷ್ಯ ಇದ್ದಾನೆ. ಅದರ ಬೆನ್ನಿಗೇ ‘ಪಾಪ, ಅದು ವ್ಯಾಪಾರದ ಅಭ್ಯಾಸ’ ಎಂದು ನೀವು ಬರೆದ ವಿವರಣೆಯನ್ನು ಹೊಡೆದುಹಾಕಿ. ಕೊನೆಯಲ್ಲಿ ಹುಡುಗ ಮರಳಿ ಬರುವುದೇ ಆದರೆ ಬರಲಿ, ಆದರೆ ಕಾಲಿಗೆ ಬೀಳುವುದು ಬೇಡ. ಎಲ್ಲರಂತೆ ಕುಳಿತು ಒಂದು ಪ್ಲೇಟು ಇಡ್ಲಿ ತಿಂದು, ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಬಿಲ್ಲಿನ ಹಣದ ಜೊತೆಗೆ ಅಂದಿನ ಬಸ್ಸಿನ ಚಾರ್ಜನ್ನೂ ಎಣಿಸಿ ಇಡಲಿ. ಧನಿ ಆ ನೋಟುಗಳನ್ನು ಎತ್ತಿಕೊಳ್ಳುತ್ತಾನೋ, ಬದಿಗೆ ಸರಿಸುತ್ತಾನೋ, ಇಲ್ಲ ಅಭ್ಯಾಸಬಲದಿಂದ ಮತ್ತೆ ಎಣಿಸಿ ನೋಡುತ್ತಾನೋ, ಅದನ್ನು ಬರೆದು ಕಳುಹಿಸಿ, ಓದಲು ಕಾದಿರುತ್ತೇನೆ.