ಉರಿಯೋದು ಬೇರೆ, ಕಣ್ಣು ಹೋಗೋದು ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೆಮಿಕಲ್ ಡಬ್ಬಿ ಮೇಲಿನ ಗುರುತುಗಳ ಬಗ್ಗೆ ಏನಾದ್ರೂ ಡೌಟ್ ಇದ್ರೆ ಕಳಿಸಿ ಅಂತ ಕೇಳಿದ್ವಿ. ಕಣ್ಣಿನ ಬಗ್ಗೆ ಬಂದ ಪತ್ರಗಳನ್ನಷ್ಟೇ ಈ ಸಲ ತಗೊಂಡಿದೀವಿ, ಉಳಿದಿದ್ದು ಮುಂದಿನ ಸಂಚಿಕೆಗೆ.

ಪ್ರಶ್ನೆ: ಪೀಣ್ಯದ ಒಂದು ಪ್ಲೇಟಿಂಗ್ ಯೂನಿಟ್‌ನಲ್ಲಿ ಕೆಲಸ ಮಾಡ್ತೀನಿ. ಕೆಲವು ಡ್ರಮ್ ಮೇಲೆ ಕೈ ಮೇಲೆ ಹನಿ ಬೀಳೋ ಚಿತ್ರ ಇರತ್ತೆ, ಕೆಲವಕ್ಕೆ ಬರೀ ಆಶ್ಚರ್ಯಸೂಚಕ ಚಿಹ್ನೆ. ಎಂಎಸ್‌ಡಿಎಸ್ (ಕೆಮಿಕಲ್ ಜೊತೆ ಬರೋ ಸುರಕ್ಷತಾ ಮಾಹಿತಿ ಹಾಳೆ) ತೆಗೆದು ನೋಡಿದ್ರೆ ಹನಿ ಚಿತ್ರದ್ದಕ್ಕೆ ಎಚ್318 ಅನ್ನೋ ಅಪಾಯದ ಸಂಕೇತ, ಆಶ್ಚರ್ಯಸೂಚಕದ್ದಕ್ಕೆ ಎಚ್319. ಒಂದು ನಂಬರಿಗೆ ಅಷ್ಟೊಂದು ವ್ಯತ್ಯಾಸ ಇರತ್ತಾ ಸರ್?
(ಓದುಗರು, ಬೆಂಗಳೂರು)

ಉತ್ತರ: ಇರತ್ತೆ, ತುಂಬಾನೇ ಇರತ್ತೆ. 319 ಅಂದ್ರೆ ಕಣ್ಣು ಕೆಂಪಾಗತ್ತೆ, ಊದ್ಕೊಳತ್ತೆ, ಕಣ್ಣಿನ ಮುಂದಿರೋ ಪಾರದರ್ಶಕ ಪದರ, ಅಂದ್ರೆ ಕಾರ್ನಿಯಾ, ಸ್ವಲ್ಪ ಮಬ್ಬಾಗ್ಲೂಬಹುದು, ಆದ್ರೆ 21 ದಿನದೊಳಗೆ ಪೂರ್ತಿ ವಾಸಿ ಆಗತ್ತೆ. 318 ಅಂದ್ರೆ 21 ದಿನ ಕಳೆದ್ರೂ ಗಾಯ ಉಳಿಯತ್ತೆ, ಇಲ್ಲಾ ಮೊದಲ ಮೂರು ದಿನದಲ್ಲೇ ಕಾರ್ನಿಯಾ ಎಷ್ಟು ಬೆಳ್ಳಗಾಗಿರತ್ತೆ ಅಂದ್ರೆ ವಾಸಿ ಆಗೋ ಭರವಸೆ ಇರಲ್ಲ. ಅಂದ್ರೆ ಎಷ್ಟು ಉರಿಯತ್ತೆ ಅಂತ ಈ ಪದ್ಧತಿ ಕೇಳೋದೇ ಇಲ್ಲ, ಕಣ್ಣು ವಾಪಸ್ ಮೊದಲಿನ ಹಾಗೆ ಆಗತ್ತಾ ಇಲ್ವಾ ಅಂತ ಕೇಳತ್ತೆ. ವಿಶ್ವಸಂಸ್ಥೆ 2003ರಲ್ಲಿ ಹೊರಡಿಸಿದ ಜಿಎಚ್‌ಎಸ್ ಅನ್ನೋ ವರ್ಗೀಕರಣದ ಲೆಕ್ಕ ಇದು. ಅದರಲ್ಲಿ 318 ಕ್ಯಾಟಗರಿ 1, 319 ಕ್ಯಾಟಗರಿ 2ಎ. ಏಳು ದಿನದಲ್ಲೇ ವಾಸಿ ಆಗೋದಕ್ಕೆ 2ಬಿ ಅಂತ ಇನ್ನೊಂದಿದೆ, ಅದಕ್ಕೆ ಚಿತ್ರಾನೇ ಇಲ್ಲ.

ಎರಡು ವಿಷಯ ಗಮನದಲ್ಲಿಟ್ಕೊಳ್ಳಿ. ನಂಬರ್ ಜಾಸ್ತಿ ಆದ್ರೆ ಅಪಾಯ ಜಾಸ್ತಿ ಅಂತ ಅಂದ್ಕೋಬೇಡಿ, ಇಲ್ಲಿ ಉಲ್ಟಾ. ಮತ್ತೆ ಕಾಸ್ಟಿಕ್ ಸೋಡಾ ಥರದ್ದರ ಹಾಳೆಯಲ್ಲಿ 318 ಹುಡುಕಿದ್ರೆ ಸಿಗದೇ ಇರಬಹುದು, ಯಾಕಂದ್ರೆ ಚರ್ಮಾನೇ ಸುಡೋದಕ್ಕೆ ಎಚ್314 ಅಂತ ಹಾಕ್ತಾರೆ, ಕಣ್ಣಿನ ಹಾನಿ ಅದರೊಳಗೇ ಸೇರಿರತ್ತೆ. ನಿಮ್ಮಲ್ಲಿ ಒರೆಸೋಕೆ ಬಳಸೋ ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಎರಡೂ 319. ಹಾಗಂತ ಕನ್ನಡಕ ತೆಗೆದಿಟ್ಟು ಕೆಲಸ ಮಾಡಬೇಡಿ ಮತ್ತೆ.

ಪ್ರಶ್ನೆ: ಇದನ್ನೆಲ್ಲ ಮೊಲದ ಕಣ್ಣಿಗೆ ಹಾಕಿ ನೋಡ್ತಾರೆ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಈಗ್ಲೂ ಮಾಡ್ತಾರಾ? ಇಂಡಿಯಾದಲ್ಲಿ ಬ್ಯಾನ್ ಆಗಿಲ್ವಾ?
(ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಅರ್ಧ ಬ್ಯಾನ್ ಆಗಿದೆ ಅನ್ನಬಹುದು. ಮೊದಲು ಇದು ಶುರುವಾಗಿದ್ದು ಹೇಗೆ ಅಂತ ಹೇಳ್ತೀನಿ, ಇಲ್ಲಾಂದ್ರೆ ಬರೀ ಕ್ರೌರ್ಯ ಅಂತ ಕಾಣತ್ತೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಲ್ಯಾಶ್ ಲೂರ್ ಅಂತ ರೆಪ್ಪೆ, ಹುಬ್ಬಿಗೆ ಹಚ್ಚೋ ಬಣ್ಣ ಬಂತು. ಅದರಲ್ಲಿದ್ದ ಪಿಪಿಡಿ ಅನ್ನೋ ಬಣ್ಣದ ಕೆಮಿಕಲ್, ಅದೇ ಇವತ್ತೂ ಎಷ್ಟೋ ಹೇರ್ ಡೈಗಳಲ್ಲಿ ಇರೋದು, ಅದ್ರಿಂದ ಹೆಂಗಸರ ಕಣ್ಣು ಹೋಯ್ತು. ತಡೆಯೋಕೆ ಸರ್ಕಾರದ ಕೈಯಲ್ಲಿ ಕಾನೂನೇ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂತು, ಸರಿ, ಆದ್ರೆ ಅಪಾಯ ಇದೆಯೋ ಇಲ್ವೋ ಅಂತ ಅಳೆಯೋದು ಹೇಗೆ? 1944ರಲ್ಲಿ ಅಲ್ಲಿನ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎದ ಜಾನ್ ಡ್ರೇಜ್ ಮತ್ತೆ ಅವರ ಜೊತೆಯವರು ಒಂದು ವಿಧಾನ ಬರೆದಿಟ್ರು. ಬಿಳಿ ಮೊಲದ ಒಂದು ಕಣ್ಣಿನ ಕೆಳರೆಪ್ಪೆ ಎಳೆದು 0.1 ಮಿಲಿ ಹಾಕೋದು, ಇನ್ನೊಂದು ಕಣ್ಣು ಹೋಲಿಕೆಗೆ ಹಾಗೇ ಬಿಡೋದು, ಆಮೇಲೆ ದಿನಾ ನೋಡಿ ಮಾರ್ಕ್ಸ್ ಕೊಡೋದು. ಒಟ್ಟು 110, ಅದರಲ್ಲಿ 80 ಕಾರ್ನಿಯಾ ಒಂದಕ್ಕೇ.

ಮೊಲಾನೇ ಯಾಕೆ ಅಂದ್ರೆ ಕಣ್ಣು ದೊಡ್ಡದು, ಪ್ರಾಣಿ ಸಾಧು, ಸಾಕೋಕೆ ಖರ್ಚು ಕಮ್ಮಿ. ಅದರ ಕಣ್ಣು ನಮ್ಮ ಕಣ್ಣಿನ ಥರ ಅಂತ ಅಲ್ಲ. ಮೊಲಕ್ಕೆ ಮೂರನೇ ರೆಪ್ಪೆ ಇದೆ, ಕಣ್ಣೀರು ಕಮ್ಮಿ, ರೆಪ್ಪೆ ಬಡಿಯೋದೂ ಅಪರೂಪ, ಕಾರ್ನಿಯಾ ತೆಳು. ಸಾಲದ್ದಕ್ಕೆ ಮಾರ್ಕ್ಸ್ ಕೊಡೋದು ಮನುಷ್ಯರ ಕಣ್ಣಂದಾಜು. ಒಂದೇ ಸರಕನ್ನ ಬೇರೆ ಬೇರೆ ಲ್ಯಾಬುಗಳಿಗೆ ಕಳಿಸಿ ನೋಡಿದ ವೀಲ್ ಮತ್ತು ಸ್ಕಾಲಾ ಅನ್ನೋರು 1971ರಲ್ಲಿ ಬರೆದ್ರು, ಒಂದು ಲ್ಯಾಬಿಗೂ ಇನ್ನೊಂದಕ್ಕೂ ತಾಳೆ ಇಲ್ಲ ಅಂತ. ನನ್ನ ಕೇಳಿದ್ರೆ ಈ ಟೆಸ್ಟಿನ ಮೇಲೆ ಬಂದ ದೊಡ್ಡ ಏಟು ಇದೇ. ದಯೆಯ ಮಾತು ಪಕ್ಕಕ್ಕಿಡಿ, ಅಳತೆಗೋಲೇ ಅಲ್ಲಾಡ್ತಿತ್ತಲ್ಲ. 1980ರಲ್ಲಿ ಪ್ರಾಣಿ ಹಕ್ಕುಗಳ ಹೋರಾಟಗಾರ ಹೆನ್ರಿ ಸ್ಪೈರಾ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ರೆವ್ಲಾನ್ ಅನ್ನೋ ಮೇಕಪ್ ಕಂಪನಿ ವಿರುದ್ಧ ಇಡೀ ಪುಟದ ಜಾಹೀರಾತು ಹಾಕಿಸಿದ ಮೇಲೆ ಜನಕ್ಕೂ ವಿಷಯ ಗೊತ್ತಾಯ್ತು, ಕಂಪನಿಗಳು ಬೇರೆ ದಾರಿ ಹುಡುಕೋಕೆ ದುಡ್ಡು ಬಿಚ್ಚಿದ್ವು.

ಈಗಿನ ಕತೆ: ಭಾರತದಲ್ಲಿ ಕಾಸ್ಮೆಟಿಕ್ಸ್‌ಗೆ ಪ್ರಾಣಿ ಪರೀಕ್ಷೆ 2014ರಿಂದ ನಿಷೇಧ. ಕೀಟನಾಶಕ, ಕಾರ್ಖಾನೆ ಕೆಮಿಕಲ್ ಇವು ಆ ನಿಷೇಧದೊಳಗೆ ಬರಲ್ಲ. ಒಇಸಿಡಿ ಅನ್ನೋ ದೇಶಗಳ ಒಕ್ಕೂಟದ ಪರೀಕ್ಷಾ ನಿಯಮಾವಳಿಯಲ್ಲಿ ಮೊಲದ ಟೆಸ್ಟಿಗೆ 405 ಅಂತ ನಂಬರ್, ಅದಿನ್ನೂ ಇದೆ, ಆದ್ರೆ ಮೊದಲು ಬೇರೆ ಎಲ್ಲ ದಾರಿ ನೋಡಿ ಅನ್ನತ್ತೆ. ಪಿಎಚ್ 2 ಅಥವಾ ಅದಕ್ಕಿಂತ ಕೆಳಗೆ, 11.5 ಅಥವಾ ಅದಕ್ಕಿಂತ ಮೇಲೆ ಇದ್ರೆ ಸಾಮಾನ್ಯವಾಗಿ ಮೊಲ ಮುಟ್ಟೋದೇ ಬೇಡ, ಕಣ್ಣು ಸುಡತ್ತೆ ಅಂತ್ಲೇ ಲೆಕ್ಕ. ಮಾಡಲೇಬೇಕು ಅಂದ್ರೂ ಮೊದಲು ಒಂದೇ ಮೊಲ, ಜೊತೆಗೆ ಮರಗಟ್ಟಿಸೋ ಹನಿ, ನೋವಿನ ಔಷಧಿ.

ಪ್ರಶ್ನೆ: ಮೊಲ ಬಿಟ್ಟು ದನದ ಕಣ್ಣಲ್ಲಿ ಮಾಡ್ತಾರಂತೆ, ಹೌದಾ? ಇದೇನು ಸುಧಾರಣೆ ಸ್ವಾಮಿ?
(ಓದುಗರು, ಮೈಸೂರು)

ಉತ್ತರ: ಜೀವಂತ ದನ ಅಲ್ಲ. ಮಾಂಸಕ್ಕೆ ಅಂತ ಕಸಾಯಿಖಾನೆಯಲ್ಲಿ ಕಡಿದ ಮೇಲೆ ಬಿಸಾಕೋ ಕಣ್ಣಿನ ಕಾರ್ನಿಯಾ. ಬಿಸಿಒಪಿ ಅಂತಾರೆ, ಒಇಸಿಡಿ ಒಪ್ಪಿದ್ದು 2009ರಲ್ಲಿ. ದ್ರವ ಆದ್ರೆ ಹತ್ತು ನಿಮಿಷ ಕಾರ್ನಿಯಾ ಮೇಲಿಟ್ಟು ತೊಳೆದು, ಬೆಳಕು ಎಷ್ಟು ಅಡ್ಡಗಟ್ಟತ್ತೆ, ಫ್ಲೋರೆಸೀನ್ ಬಣ್ಣ ಎಷ್ಟು ಒಳಗೆ ಸೋರತ್ತೆ ಅಂತ ಮಿಷಿನ್ನಲ್ಲಿ ಅಳೀತಾರೆ. ಸ್ಕೋರು 55 ದಾಟಿದ್ರೆ ಕ್ಯಾಟಗರಿ 1, 3 ಅಥವಾ ಕಮ್ಮಿ ಬಂದ್ರೆ ಲೇಬಲ್ಲೇ ಬೇಡ. ನಡುವೆ ಬಂದ್ರೆ? ಈ ಟೆಸ್ಟ್ ಕೈ ಎತ್ತತ್ತೆ. ಯಾಕಂದ್ರೆ ಮೊದಲನೇ ಉತ್ತರದಲ್ಲಿ ಹೇಳಿದ್ನಲ್ಲ, ಕೇಳ್ತಿರೋದು ವಾಸಿ ಆಗತ್ತಾ ಅಂತ, ಸತ್ತ ಕಣ್ಣು ವಾಸಿ ಆಗೋದನ್ನ ಎಲ್ಲಿಂದ ತೋರಿಸ್ಬೇಕು. ಮನುಷ್ಯರ ಜೀವಕೋಶದಿಂದ ಲ್ಯಾಬಲ್ಲಿ ಬೆಳೆಸಿದ ಕಾರ್ನಿಯಾ ಪದರದ ಟೆಸ್ಟ್ 2015ರಲ್ಲಿ ಬಂತು, ಅದಕ್ಕೂ ಮೊದಮೊದಲು ಇದೇ ತಾಪತ್ರಯ. ಆಮೇಲೆ 2022ರಲ್ಲಿ ಇಂಥ ಎರಡು ಟೆಸ್ಟ್ ಜೋಡಿಸಿ, ಕೆಲವು ದ್ರವಗಳಿಗೆ ನಡುವಿನ ಕ್ಯಾಟಗರಿಯನ್ನೂ ಹೇಳೋ ನಿಯಮ ಬಂತು. ಘನ ಪದಾರ್ಥಕ್ಕೆ ಕೆಲಸ ಇನ್ನೂ ಕಷ್ಟಾನೇ, ಪುಡಿ ಕಣ್ಣಲ್ಲಿ ಕೂತ್ಕೊಂಡು ಉಜ್ಜೋದು ಬೇರೆ ಇರತ್ತಲ್ಲ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಔಷಧಿ ಡಬ್ಬಿ ಮೇಲೆ ಹಸಿರು ತ್ರಿಕೋನ ಇದ್ರೆ ಕಣ್ಣಿಗೆ ಬಿದ್ರೂ ತೊಂದ್ರೆ ಇಲ್ಲ ಅಂತ ಅಂಗಡಿಯೋರು ಹೇಳ್ತಾರೆ. ನಿಜಾನಾ?
(ಬೆಳೆಗಾರರು, ತೀರ್ಥಹಳ್ಳಿ)

ಉತ್ತರ: ಇಲ್ಲ ಸ್ವಾಮಿ. ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳೋದು ಹೊಟ್ಟೆಗೆ ಹೋದ್ರೆ, ಚರ್ಮದಿಂದ ಒಳಗಿಳಿದ್ರೆ ಎಷ್ಟು ವಿಷ ಅನ್ನೋದನ್ನ. ಕಣ್ಣಿಗೆ ಏನಾಗತ್ತೆ ಅಂತ ಆ ಬಣ್ಣಕ್ಕೆ ಗೊತ್ತಿಲ್ಲ. ನಿಮ್ಮ ತೋಟದ್ದೇ ಉದಾಹರಣೆ ತಗೊಳ್ಳಿ. ಕೊಳೆರೋಗಕ್ಕೆ ಬೋರ್ಡೋ ಕಲಸ್ತೀರಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಯುರೋಪಿನ ಪಟ್ಟಿಯಲ್ಲಿ ಮೈಲುತುತ್ತಕ್ಕೆ 318 ಇದೆ, ಸುಣ್ಣದ ಎಂಎಸ್‌ಡಿಎಸ್‌ನಲ್ಲೂ ಅದೇ 318. ಎರಡೂ ಸರಿಯಾಗಿ ಬೆರೆತ ಮೇಲೆ ಖಾರ ಇಳಿಯತ್ತೆ, ಜಾಸ್ತಿ ಅಪಾಯ ಇರೋದು ಪುಡಿ ಕರಗಿಸುವಾಗ, ಸುಣ್ಣದ ಕಲ್ಲಿಗೆ ನೀರು ಹಾಕಿ ಅದು ಕೊತಕೊತ ಕುದ್ದು ಸಿಡಿಯುವಾಗ. ಮರದ ಮೇಲಿರೋ ಕೊನೆಗೌಡನಿಗೆ ಕನ್ನಡಕ ಕೊಡಿ ಅಂದ್ರೆ ಬೆವರಿಗೆ ಮಬ್ಬಾಗತ್ತೆ ಅಂತಾನೆ, ಅದೂ ನಿಜಾನೇ, ಕೆಳಗೆ ಬ್ಯಾರೆಲ್ ಹತ್ರ ಕಲಸೋರಾದ್ರೂ ಹಾಕ್ಕೊಳ್ಳಲೇಬೇಕು.

ಸುಣ್ಣ ಆಸಿಡ್‌ಗಿಂತ ಕೆಟ್ಟದ್ದು. ಆಸಿಡ್ ಬಿದ್ರೆ ಮೇಲಿನ ಪ್ರೊಟೀನ್ ಹೆಪ್ಪುಗಟ್ಟಿ ಸಾಮಾನ್ಯವಾಗಿ ಅಲ್ಲೇ ಒಂದಿಷ್ಟು ತಡೆ ಆಗತ್ತೆ, ಕ್ಷಾರ ಹಾಗಲ್ಲ, ಕೊಬ್ಬನ್ನ ಸಾಬೂನು ಮಾಡ್ಕೊಂಡು ಒಳಗೊಳಗೇ ಇಳೀತಾ ಹೋಗತ್ತೆ. ಎಲೆಅಡಿಕೆ ಸುಣ್ಣದ ಪ್ಯಾಕೆಟ್ ಮಕ್ಕಳು ಹಿಚುಕಿ ಕಣ್ಣಿಗೆ ಸಿಡಿದ್ರೂ ಇದೇ ಗತಿ. ಬಿದ್ದ ತಕ್ಷಣ ಅಲ್ಲೇ ಇರೋ ಒಳ್ಳೇ ನೀರಲ್ಲಿ ತೊಳೀರಿ, ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ, ಚೂರು ಕಂಡ್ರೆ ನೀರಲ್ಲೇ ಹೋಗೋ ಹಾಗೆ ಮಾಡಿ, ಆಮೇಲೆ ಆಸ್ಪತ್ರೆ. ಎದೆಹಾಲು, ಹರಳೆಣ್ಣೆ, ಸುಣ್ಣಕ್ಕೆ ನಿಂಬೆರಸ, ಯಾವುದೂ ಬೇಡ.

ಪ್ರಶ್ನೆ: ಮಗೂಗೆ ಕಣ್ಣು ಉರಿಯದ ಶಾಂಪೂ ಅಂತ ತಂದ್ರೂ ಅಳತ್ತೆ. ಮೋಸ ಅಲ್ವಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಪೂರ್ತಿ ಮೋಸ ಅಂತ ಹೇಳೋಕಾಗಲ್ಲಮ್ಮ. ಮಾಮೂಲಿ ಶಾಂಪೂಗಿಂತ ಸೌಮ್ಯವಾದ ನೊರೆ ಪದಾರ್ಥ ಹಾಕಿರ್ತಾರೆ, ಉರಿ ಕಮ್ಮಿ ಅಷ್ಟೇ, ಇಲ್ಲವೇ ಇಲ್ಲ ಅಂತಲ್ಲ. ಶಾಂಪೂಗಳಲ್ಲಿ ನೊರೆ ಬರಿಸೋ ಸೋಡಿಯಂ ಲಾರೈಲ್ ಸಲ್ಫೇಟ್ ಶುದ್ಧ ಪುಡಿಯಾಗಿ ಇದ್ದಾಗ ಸಾಮಾನ್ಯವಾಗಿ 318 ಪಟ್ಟಿಯಲ್ಲೇ ಇರತ್ತೆ, ಬಾಟಲಿಯಲ್ಲಿ ತೆಳು ಮಾಡಿರ್ತಾರೆ, ನೀವು ಬೇರೆ ನೀರು ಸುರೀತಾನೇ ಇರ್ತೀರ, ಹಾಗಾಗಿ ಸ್ವಲ್ಪ ಹೊತ್ತು ಉರಿದು ಕಮ್ಮಿ ಆಗತ್ತೆ. ಇನ್ನು ಸ್ನಾನಕ್ಕೆ ಅತ್ತಿದ್ದಾ ಶಾಂಪೂಗೆ ಅತ್ತಿದ್ದಾ ಅನ್ನೋದನ್ನ ನೀವೇ ನೋಡಿ ಹೇಳ್ಬೇಕು.