ಓದುಗರ ಪ್ರಶ್ನೆ: ವಾರ್ನಿಂಗ್ ಬಂದ್ ಮಾಡಲೇ?

ಪ್ರಶ್ನೆ: ಸರ್, ಕಾಲೇಜು ಪ್ರಾಜೆಕ್ಟಿಗೆ ಲಿನಕ್ಸ್‌ಗಾಗಿ ಪುಟ್ಟ ಫೈಲ್‌ಸಿಸ್ಟಮ್ ಬರೆಯುತ್ತಿದ್ದೇನೆ. ಒಂದು ಫಂಕ್ಷನ್‌ನಲ್ಲಿ ಪಾತ್ ಇಟ್ಟುಕೊಳ್ಳಲು 4096 ಬೈಟಿನ ಅರೇ ಇದೆ. ಫ್ರೇಮ್ (ಫಂಕ್ಷನ್ ತನ್ನ ಲೋಕಲ್ ಡೇಟಾಗೆ ಹಿಡಿಯುವ ಜಾಗ) 2048 ಬೈಟ್ ಮೀರಿದೆ ಎಂದು ಕಂಪೈಲರ್ ವಾರ್ನಿಂಗ್ ಕೊಡುತ್ತದೆ. ಕೋಡ್ ಚೆನ್ನಾಗಿಯೇ ಓಡುತ್ತಿದೆ, 16 ಜಿಬಿ ರ್‍ಯಾಮ್ ಇದೆ. ವಾರ್ನಿಂಗ್ ಬಂದ್ ಮಾಡಿಬಿಡಲೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ

ಉತ್ತರ: ಬೇಡ ಮಾರಾಯರೆ! ನಿಮ್ಮ 16 ಜಿಬಿಗೂ ಇದಕ್ಕೂ ಸಂಬಂಧವಿಲ್ಲ. ಆ ಅರೇ ಕೂರುವುದು ಸ್ಟ್ಯಾಕಿನಲ್ಲಿ, ಅಂದರೆ ಓಡುತ್ತಿರುವ ಫಂಕ್ಷನ್‌ಗಳ ಫ್ರೇಮುಗಳನ್ನು ಒಂದರ ಮೇಲೊಂದು ಪೇರಿಸುವ ಜಾಗದಲ್ಲಿ. ಮಾಮೂಲಿ ಪ್ರೋಗ್ರಾಮಿನ ಸ್ಟ್ಯಾಕ್ ಸಾಧಾರಣವಾಗಿ 8 ಎಂಬಿವರೆಗೆ ಬೆಳೆಯಬಹುದು. ಆದರೆ ನಿಮ್ಮ ಫೈಲ್‌ಸಿಸ್ಟಮ್ ಓಡುವ ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಒಂದು ಥ್ರೆಡ್ಡಿಗೆ ಸಿಗುವುದು 16 ಕೆಬಿ, ಬೆಳೆಯುವ ಮಾತೇ ಇಲ್ಲ. ಅದೂ 2014ರಲ್ಲಿ ಬಂದ 3.15 ಆವೃತ್ತಿಯಿಂದೀಚೆಗೆ; ಅದಕ್ಕೆ ಮುಂಚೆ ನಿಮ್ಮಂಥ 64 ಬಿಟ್ ಪಿಸಿಗಳಲ್ಲೂ 8 ಕೆಬಿಯಲ್ಲೇ ನಿಭಾಯಿಸಬೇಕಿತ್ತು.

ನಿಮ್ಮ ಅರೇ ಒಂದೇ ಕಾಲುಪಾಲು ನುಂಗಿತು. ಉಳಿದದ್ದೂ ನಿಮ್ಮೊಬ್ಬರದಲ್ಲ. ನಿಮಗಿಂತ ಮೊದಲು ಸಿಸ್ಟಮ್ ಕಾಲ್, ವಿಎಫ್‌ಎಸ್ (ಎಲ್ಲ ಫೈಲ್‌ಸಿಸ್ಟಮ್‌ಗಳ ಮೇಲಿರುವ ಕರ್ನಲ್ ಪದರ) ಬಂದು ಕೂತಿರುತ್ತವೆ. ನಿಮ್ಮ ನಂತರ ಡಿಸ್ಕಿನವರೆಗಿನ ಪದರಗಳು: ಬ್ಲಾಕ್ ಲೇಯರ್, ಎಲ್‌ವಿಎಂ, ರೇಯ್ಡ್, ಡಿಸ್ಕ್ ಡ್ರೈವರ್. ನಡುವೆ ಮೆಮೊರಿ ಸಾಲದಾದರೆ ಕರ್ನಲ್ ಅದೇ ಸ್ಟ್ಯಾಕಿನ ಮೇಲೆಯೇ ಪೇಜುಗಳನ್ನು ಖಾಲಿ ಮಾಡಲು ಹೊರಡುತ್ತದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕು ಫೈಲ್ ಕಾಪಿ ಮಾಡಿ ನೋಡಿದರೆ ಈ ಆಳ ತಿಳಿಯುವುದಿಲ್ಲ.

ಅದಿರಲಿ, ಪೂರ್ತಿ ಪಾತ್ ನಿಮಗೇಕೆ ಬೇಕು? ವಿಎಫ್‌ಎಸ್ ಪಾತನ್ನು ತುಂಡು ಮಾಡಿ, ಒಂದೊಂದೇ ಹೆಸರನ್ನು ಡೆಂಟ್ರಿಯಲ್ಲಿಟ್ಟು (ಹೆಸರಿನ ಕರ್ನಲ್ ದಾಖಲೆ) ನಿಮ್ಮ ಲುಕಪ್ ಫಂಕ್ಷನ್‌ಗೆ ಕೊಡುತ್ತದೆ. ಒಂದು ಹೆಸರು ಹೆಚ್ಚೆಂದರೆ 255 ಬೈಟ್, ಅದನ್ನೂ ಕಾಪಿ ಮಾಡಬೇಕಿಲ್ಲ. ಇಂಥ ಅರೇಗಳಲ್ಲಿ ಮುಕ್ಕಾಲುಪಾಲು ಯೂಸರ್ ಪ್ರೋಗ್ರಾಮ್ ಬರೆದ ಅಭ್ಯಾಸಬಲದಿಂದ ಬಂದವು ಎಂಬುದು ನನ್ನ ಗುಮಾನಿ. ತೆಗೆದುಹಾಕಿ ನೋಡಿ.

ಸಿಮ್‌ಲಿಂಕಿನಂಥ (ಇನ್ನೊಂದು ಪಾತನ್ನು ತೋರಿಸುವ ಕೊಂಡಿ) ಕಡೆ ಬೇಕೇಬೇಕು ಅಂತಾದರೆ ಸ್ಟ್ಯಾಕಿನ ಹೊರಗೆ ಮೆಮೊರಿ ಕೊಡುವ ಕೆಮ್ಯಾಲಾಕ್‌ನಿಂದ ಪಡೆಯಿರಿ. ಲಾಕ್ ಹಿಡಿದಿದ್ದರೆ, ಟ್ರಾನ್ಸಾಕ್ಷನ್ ನಡುವೆ ಇದ್ದರೆ, ಜಿಎಫ್‌ಪಿ ನೋಎಫ್‌ಎಸ್ ಫ್ಲ್ಯಾಗ್ ಕೊಡಿ. ಇಲ್ಲದಿದ್ದರೆ ಮೆಮೊರಿ ಹುಡುಕುತ್ತ ಕರ್ನಲ್ ನಿಮ್ಮ ಫೈಲ್‌ಸಿಸ್ಟಮ್ಮಿಗೇ ವಾಪಸ್ ಬಂದು, ನೀವೇ ಹಿಡಿದಿರುವ ಲಾಕಿಗೆ ಕಾಯುತ್ತ ನಿಲ್ಲಬಹುದು. ಮೆಮೊರಿ ಸಿಗದಿದ್ದರೆ ಎರರ್ ಹಿಂದಿರುಗಿಸಿ. ಫಂಕ್ಷನ್‌ನಿಂದ ಹೊರಬೀಳುವ ದಾರಿಗಳೆಲ್ಲ ಕೊನೆಯ ಒಂದೇ ಲೇಬಲ್ಲಿಗೆ ಬರಲಿ, ಆ ಮೆಮೊರಿಯನ್ನು ಹಿಂದಿರುಗಿಸುವ ಕೆಫ್ರೀ ಅಲ್ಲೇ ಇರಲಿ. ಅರೇಯ ಹಿಂದೆ ‘ಸ್ಟ್ಯಾಟಿಕ್’ ಸೇರಿಸುವ ಉಪಾಯ ಮಾತ್ರ ಬೇಡವೇ ಬೇಡ. ಎರಡು ಪ್ರೋಸೆಸ್ ಒಟ್ಟಿಗೆ ಬಂದರೆ ಇಬ್ಬರಿಗೂ ಒಂದೇ ಎಲೆಯಲ್ಲಿ ಬಡಿಸಿದ ಹಾಗಾಗುತ್ತದೆ.

ಇಷ್ಟಾದ ಮೇಲೆ ‘ಮೇಕ್ ಚೆಕ್‌ಸ್ಟ್ಯಾಕ್’ ಓಡಿಸಿ. ಯಾವ ಫಂಕ್ಷನ್ ಎಷ್ಟು ಬೈಟ್ ತಿನ್ನುತ್ತದೆಂದು ಪಟ್ಟಿ ಕೊಡುತ್ತದೆ. ಕೋಡನ್ನು ಸಣ್ಣ ಫಂಕ್ಷನ್‌ಗಳಾಗಿ ಒಡೆದರೂ ಸಂಖ್ಯೆ ಇಳಿಯದಿದ್ದರೆ ಕಂಪೈಲರ್ ಅವನ್ನು ಇನ್‌ಲೈನ್ ಮಾಡಿ (ಕರೆಯುವ ಫಂಕ್ಷನ್‌ನೊಳಗೇ ಸೇರಿಸಿ) ಮತ್ತೆ ಒಂದೇ ಫ್ರೇಮಿಗೆ ತುರುಕಿರುತ್ತದೆ. ಅಂಥವುಗಳಿಗೆ ‘ನೋಇನ್‌ಲೈನ್ ಫಾರ್ ಸ್ಟ್ಯಾಕ್’ ಎಂಬ ಗುರುತು ಕರ್ನಲ್ಲಿನಲ್ಲೇ ಇದೆ, ಹಚ್ಚಿ.